9 ಅಂಕಕ್ಕೆ ತಪ್ಪಿದ ಎಫ್‌ಎಂಜಿಇ, ನೈಟ್ ಡ್ಯೂಟಿಗೆ ಕರೆಯುವ ನರ್ಸಿಂಗ್ ಹೋಮ್

ಪ್ರಶ್ನೆ: ನಮಸ್ಕಾರ ಮೇಡಂ. ನನಗೆ 25 ವರ್ಷ. ಮನೆ ಬೆಂಗಳೂರಿನ ನಾಗರಬಾವಿ. 2019ರಲ್ಲಿ ಕಿರ್ಗಿಸ್ತಾನಕ್ಕೆ ಹೋಗಿ ಎಂಬಿಬಿಎಸ್ ಮುಗಿಸಿಕೊಂಡು ಬಂದೆ. ಹೊರದೇಶದಲ್ಲಿ ಓದಿದವರು ಇಲ್ಲಿ ಲೈಸೆನ್ಸ್ ಪಡೆಯೋಕೆ ಬರೆಯಬೇಕಾದ ಎಫ್‌ಎಂಜಿಇ ಪರೀಕ್ಷೆ ಎರಡು ಸಲ ಬರೆದೆ. ಮೊದಲ ಸಲ 128, ಈ ಸಲ 141. ಬರೀ 9 ಅಂಕಕ್ಕೆ ಹೋಯಿತು. ಮಕ್ಕಳ ವಿಭಾಗದಲ್ಲಿ ಎಂಡಿ ಮಾಡಬೇಕು ಅಂತ ಆಸೆ. ಲೈಸೆನ್ಸ್ ಪರೀಕ್ಷೆಯೇ ಪಾಸಾಗದವಳಿಗೆ ರೆಸಿಡೆನ್ಸಿ, ಅಂದರೆ ಎಂಡಿ ತರಬೇತಿಯ ಕನಸು ಯಾಕೆ ಅಂತ ಈಗ ಅನ್ನಿಸುತ್ತಿದೆ. ಅಪ್ಪ ಪೀಣ್ಯದಲ್ಲಿ ಸಣ್ಣ ಲೇತ್ ವರ್ಕ್‌ಶಾಪ್ ನಡೆಸುತ್ತಾರೆ. ಮನೆ ಮೇಲೆ ಸಾಲ ಇದೆ. ಪರಿಚಯದ ನರ್ಸಿಂಗ್ ಹೋಮಿನವರು ನೈಟ್ ಡ್ಯೂಟಿಗೆ ಬಾ, ತಿಂಗಳಿಗೆ 25,000 ಕೊಡುತ್ತೇವೆ, ಅನುಭವವೂ ಆಗುತ್ತೆ ಅನ್ನುತ್ತಿದ್ದಾರೆ. ಹೋಗಲಾ? ಫ್ರೆಂಡ್ಸ್ ಇದನ್ನು ಬಿಟ್ಟು ಅಮೆರಿಕದ ಲೈಸೆನ್ಸ್ ಪರೀಕ್ಷೆ ಯುಎಸ್‌ಎಂಎಲ್‌ಇ ಬರಿ ಅನ್ನುತ್ತಾರೆ. ರಿಸಲ್ಟ್ ಬಂದಾಗಿನಿಂದ ಸರಿಯಾಗಿ ನಿದ್ದೆ ಇಲ್ಲ. ನಮ್ಮ ಬೀದಿಯಲ್ಲಿ ಎಲ್ಲರೂ ಡಾಕ್ಟ್ರಮ್ಮ ಅಂತ ಕರೆಯುತ್ತಾರೆ, ತಲೆ ಎತ್ತಿ ಓಡಾಡೋಕೆ ಆಗುತ್ತಿಲ್ಲ. ನಾನು ಡಾಕ್ಟರ್ ಆಗೋಕೆ ಲಾಯಕ್ಕಾ?

ಉತ್ತರ: ನೈಟ್ ಡ್ಯೂಟಿಗೆ ಹೋಗಬೇಡಿ. ಉಳಿದದ್ದೆಲ್ಲ ಆಮೇಲೆ ಮಾತಾಡೋಣ.

ಕಾರಣ ಕೇಳಿ. ನಿಮ್ಮ ಕೈಯಲ್ಲಿ ಡಿಗ್ರಿ ಇದೆ, ಆದರೆ ಯಾವ ಮೆಡಿಕಲ್ ಕೌನ್ಸಿಲ್ ರಿಜಿಸ್ಟರಿನಲ್ಲೂ ನಿಮ್ಮ ಹೆಸರಿಲ್ಲ. 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯ 34ನೇ ಸೆಕ್ಷನ್ ಪ್ರಕಾರ, ರಿಜಿಸ್ಟರಿನಲ್ಲಿ ಹೆಸರಿಲ್ಲದವರು ರೋಗಿಗಳಿಗೆ ಚಿಕಿತ್ಸೆ ಕೊಟ್ಟರೆ 1 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ, ಅಥವಾ ಎರಡೂ. ಶಿಕ್ಷೆ ಒಂದು ಕಡೆ ಇರಲಿ. ಆ ರಾತ್ರಿ ಪಾಳಿಯಲ್ಲಿ ನಿಜವಾಗಿ ಏನು ನಡೆಯುತ್ತದೆ ಅನ್ನುವುದನ್ನು ನಾನು ಹತ್ತಿರದಿಂದ ನೋಡಿದ್ದೇನೆ.

ತುಂಬಾ ವರ್ಷದ ಹಿಂದೆ ನಾನು ಒಂದು ಸಣ್ಣ ನರ್ಸಿಂಗ್ ಹೋಮಿಗೆ ಸಂಜೆ ಹೊತ್ತು ಪೇಷೆಂಟ್ ನೋಡೋಕೆ ಹೋಗುತ್ತಿದ್ದೆ. ಹೆಸರು ಬೇಡ. ಒಂದು ದಿನ ಒಂದು ಕೇಸ್ ಶೀಟ್ ತಿರುವಿ ಹಾಕುತ್ತಿದ್ದೆ. ರಾತ್ರಿ 2:40ಕ್ಕೆ ಬರೆದ ಆರ್ಡರಿನ ಕೆಳಗೆ ನನ್ನ ಸೀಲು! ಆ ಹೊತ್ತಿಗೆ ನಾನು ಮಲ್ಲೇಶ್ವರದ ಮನೆಯಲ್ಲಿ ಗೊರಕೆ ಹೊಡೆಯುತ್ತಿದ್ದೆ. ವಿಚಾರಿಸಿದರೆ, ಬರೆದವನು ನಿಮ್ಮ ಹಾಗೇ ಹೊರದೇಶದಲ್ಲಿ ಓದಿ ಬಂದು ಪರೀಕ್ಷೆಗೆ ಕಾಯುತ್ತಿದ್ದ ಹುಡುಗ. ನನ್ನ ಸೀಲು ನರ್ಸ್‌ಗಳ ಟೇಬಲ್ಲಿನ ಡ್ರಾಯರಿನಲ್ಲಿ, ಥರ್ಮಾಮೀಟರಿನ ಪಕ್ಕ ಬಿದ್ದಿರುತ್ತಿತ್ತು. ಅವನ ಅಕ್ಷರ ದುಂಡಗೆ ಚೆನ್ನಾಗಿತ್ತು. ಬರೆದ ಔಷಧಿಯೂ ತಪ್ಪಿರಲಿಲ್ಲ. ಪೇಷೆಂಟಿಗೆ ಏನೂ ಆಗಲಿಲ್ಲ. ಆದರೆ ಏನಾದರೂ ಆಗಿದ್ದರೆ ಮಾಲೀಕರು ಪೊಲೀಸರ ಮುಂದೆ ಹೇಳುತ್ತಿದ್ದ ಮಾತು ನನಗೆ ಗೊತ್ತು: “ಅವನು ಸುಮ್ನೆ ಕಲಿಯೋಕೆ ಬರ್ತಿದ್ದ ಸಾರ್, ಟ್ರೀಟ್‌ಮೆಂಟ್ ಕೊಡು ಅಂತ ನಾವು ಹೇಳಿರಲಿಲ್ಲ.” ನಾನು ಸೀಲು ಬ್ಯಾಗಿಗೆ ಹಾಕಿಕೊಂಡು ಮನೆಗೆ ಬಂದೆ, ಮತ್ತೆ ಆ ಕಡೆ ಹೋಗಲಿಲ್ಲ. ಆ ಹುಡುಗನನ್ನು ಕರೆದು ಕೂರಿಸಿ ಒಂದು ಮಾತು ಹೇಳಲಿಲ್ಲ. ಅದು ಈಗಲೂ ಚುಚ್ಚುತ್ತದೆ. ಅವನಿಗೆ ಹೇಳಬೇಕಿದ್ದದ್ದನ್ನೇ ನಿಮಗೆ ಹೇಳುತ್ತಿದ್ದೇನೆ ಅಂದುಕೊಳ್ಳಿ.

“ಅನುಭವ ಆಗುತ್ತೆ” ಅನ್ನುವುದೂ ಪೂರ್ತಿ ನಿಜವಲ್ಲ. ರಾತ್ರಿ ಒಬ್ಬರೇ ಕೂತು, ತಪ್ಪಿದರೆ ತಿದ್ದುವವರು ಯಾರೂ ಇಲ್ಲದೆ ಮಾಡುವ ಕೆಲಸದಲ್ಲಿ ಧೈರ್ಯ ಬರುತ್ತದೆ, ತಿಳಿವಳಿಕೆ ಬರುವುದಿಲ್ಲ. ಬೆಳಗ್ಗೆ ಮನೆಗೆ ಬಂದು ಮಲಗಿದರೆ ಓದುವ ಹೊತ್ತೂ ಹೋಯಿತು.

ಇನ್ನೊಂದು ಅಡ್ಡದಾರಿಯ ಬಗ್ಗೆಯೂ ಯಾರಾದರೂ ನಿಮ್ಮ ಕಿವಿಯಲ್ಲಿ ಹೇಳಬಹುದು. ಬೇರೆ ರಾಜ್ಯದಲ್ಲಿ ಹೇಗೋ ರಿಜಿಸ್ಟ್ರೇಷನ್ ಮಾಡಿಸಿಕೊಡುತ್ತೇವೆ ಅನ್ನುವ ಏಜೆಂಟರಿದ್ದಾರೆ. ಎಫ್‌ಎಂಜಿಇ ಪಾಸಾಗದೆ ರಿಜಿಸ್ಟ್ರೇಷನ್ ಪಡೆದ ಆರೋಪದ ಮೇಲೆ 2022ರ ಡಿಸೆಂಬರಿನಲ್ಲಿ ಸಿಬಿಐ 73 ಜನರ ಮೇಲೆ ಕೇಸು ಹಾಕಿತು. ಅಂಥ ಫೋನ್ ಬಂದರೆ ನಂಬರ್ ಬ್ಲಾಕ್ ಮಾಡಿ.

ಈಗ ಅಂಕದ ಲೆಕ್ಕಕ್ಕೆ ಬರೋಣ. ನಿಮ್ಮ ಪತ್ರದಲ್ಲಿ ನನಗೆ ಒಪ್ಪಿಗೆಯಾಗದ ಪದ ಒಂದೇ: “ಬರೀ”.

ಎಫ್‌ಎಂಜಿಇಯಲ್ಲಿ 300 ಪ್ರಶ್ನೆ, 300 ಅಂಕ. ಪಾಸಾಗಲು 150. ಪ್ರತಿ ಪ್ರಶ್ನೆಗೆ ನಾಲ್ಕು ಉತ್ತರ, ಅದರಲ್ಲಿ ಒಂದು ಸರಿ. ತಪ್ಪಿಗೆ ಅಂಕ ಕಳೆಯುವುದಿಲ್ಲ. ಇದೆಲ್ಲ ನಿಮಗೆ ಗೊತ್ತು. ಆದರೆ ಇದರ ಅರ್ಥ ಏನು ಅಂತ ಯೋಚಿಸಿದ್ದೀರಾ? ಮೆಡಿಕಲ್ ಪುಸ್ತಕ ಕಣ್ಣಲ್ಲೂ ನೋಡದವರು, ಮೌಸ್ ಹಿಡಿಯೋಕೆ ಬಂದರೆ ಸಾಕು, ಕೂತು 300 ಸಲ ಕ್ಲಿಕ್ ಮಾಡಿದರೆ ಸರಾಸರಿ 75 ಅಂಕ ಬರುತ್ತದೆ. ಅಂದರೆ ಪಾಸ್ ಅಂಕದಲ್ಲಿ ಅರ್ಧ ಬಿಟ್ಟಿ. ಇನ್ನರ್ಧ ದುಡಿಯಬೇಕು. ಆ ಲೆಕ್ಕದಲ್ಲಿ ಮೊದಲ ಸಲ ನೀವು ದುಡಿದದ್ದು 53. ಈ ಸಲ 66. ಬೇಕಾದದ್ದು 75.

ಬೇಜಾರಾಯಿತಾ? ಸ್ವಲ್ಪ ತಡೆಯಿರಿ, ಇದೇ ಲೆಕ್ಕದಲ್ಲಿ ಒಳ್ಳೆಯ ಸುದ್ದಿಯೂ ಇದೆ.

ಪರೀಕ್ಷೆಯಲ್ಲಿ ಪ್ರಶ್ನೆಗಳು ಮೂರು ತರ. ಕೆಲವು ನೋಡಿದ ಕೂಡಲೇ ಗೊತ್ತಾಗುತ್ತವೆ. ಕೆಲವದರಲ್ಲಿ ಎರಡು ಉತ್ತರ ತೆಗೆದುಹಾಕಬಹುದು, ಉಳಿದ ಎರಡರಲ್ಲಿ ಯಾವುದು ಅಂತ ಒದ್ದಾಡುತ್ತೇವೆ. ಉಳಿದವು ಕಣ್ಣು ಮುಚ್ಚಿ ಒತ್ತುವಂಥವು. ಒಂದು ಊಹೆ ಮಾಡೋಣ. ನಿಮಗೆ 60 ಗಟ್ಟಿಯಾಗಿ ಗೊತ್ತಿದ್ದವು. 90ರಲ್ಲಿ ಎರಡರ ನಡುವೆ ಸಿಕ್ಕಿಹಾಕಿಕೊಂಡಿರಿ, ಅದರಲ್ಲಿ ಅರ್ಧ, ಅಂದರೆ 45 ಸರಿಯಾಯಿತು. ಉಳಿದ 150ರಲ್ಲಿ ಕಾಲು ಭಾಗ, ಸುಮಾರು 37. ಕೂಡಿಸಿದರೆ 142. ಹೆಚ್ಚುಕಮ್ಮಿ ನಿಮ್ಮ ಅಂಕವೇ ಬಂತು, ಅಲ್ವಾ?

ಈಗ ನೋಡಿ. ಆ ಕಣ್ಣು ಮುಚ್ಚಿದ 150ನ್ನು ಮುಟ್ಟಲೇ ಬೇಡಿ. ಎರಡರ ನಡುವೆ ಸಿಕ್ಕಿದ್ದ 90ರಲ್ಲಿ 50ನ್ನು ಮಾತ್ರ ಗಟ್ಟಿ ಮಾಡಿಕೊಳ್ಳಿ. ಗೊತ್ತಿರುವುದು 110 ಆಯಿತು, ಉಳಿದ 40ರಲ್ಲಿ 20 ಬಂತು, ಬಿಟ್ಟಿ 37. ಒಟ್ಟು 167. ಹೊಸದಾಗಿ ಒಂದು ಪಾಠವನ್ನೂ ಕಲಿಯದೆ!

ಫೇಲಾದವರು ಸಾಮಾನ್ಯವಾಗಿ ಇದರ ಉಲ್ಟಾ ಮಾಡುತ್ತಾರೆ. ಹೊಸ ಆ್ಯಪ್ ಕೊಳ್ಳುತ್ತಾರೆ, ಹೊಸ ನೋಟ್ಸ್ ತರುತ್ತಾರೆ, ಅನಾಟಮಿ ಮೊದಲ ವಿಡಿಯೋದಿಂದ ಮತ್ತೆ ಶುರು ಮಾಡುತ್ತಾರೆ. ಅರ್ಧಂಬರ್ಧ ಗೊತ್ತಿರುವುದರ ರಾಶಿ ಇನ್ನಷ್ಟು ದೊಡ್ಡದಾಗುತ್ತದೆ. ನನ್ನ ಬಳಿ ಬಂದ ಒಬ್ಬ ಹುಡುಗನ ಫೋನಿನಲ್ಲಿ ಮೂರು ಆ್ಯಪ್‌ಗಳ ಚಂದಾ ಇತ್ತು. ಮೂರರಲ್ಲೂ ಅನಾಟಮಿ ಮುಗಿದಿತ್ತು. ಮೂರರಲ್ಲೂ ಸರ್ಜರಿ ಅರ್ಧಕ್ಕೆ ನಿಂತಿತ್ತು.

ಅದೃಷ್ಟದ ಮಾತನ್ನೂ ಹೇಳಿಬಿಡುತ್ತೇನೆ. ಇಷ್ಟೊಂದು ಊಹೆ ಇರುವ ಪರೀಕ್ಷೆಯಲ್ಲಿ, ಅದೇ ತಯಾರಿಗೆ 7 ಅಂಕ ಮೇಲೆ, 7 ಅಂಕ ಕೆಳಗೆ ಬರುವುದು ತೀರಾ ಸಾಮಾನ್ಯ. ಗಣಿತ ಗೊತ್ತಿರುವವರು ಲೆಕ್ಕ ಹಾಕಿ ನೋಡಬಹುದು. ಹಾಗಾಗಿ ನಿಮ್ಮ 141 ಬೇರೆ ದಿನವಾಗಿದ್ದರೆ 148 ಆಗುತ್ತಿತ್ತು, 134 ಕೂಡ ಆಗುತ್ತಿತ್ತು. 150ಕ್ಕೆ ಗುರಿಯಿಟ್ಟು ಓದಿದರೆ ನಾಣ್ಯ ಚಿಮ್ಮಿದ ಹಾಗೆ. ಗುರಿ 165 ಇರಲಿ. ಆಗ ದಿನ ಕೆಟ್ಟರೂ ಪಾಸು.

ಮೂರು ತರದ ಪ್ರಶ್ನೆಗಳಲ್ಲಿ ನಿಮ್ಮವು ನಿಜವಾಗಿ ಎಷ್ಟೆಷ್ಟು ಅಂತ ತಿಳಿಯೋದು ಹೇಗೆ? ಪ್ರಶ್ನೆಪತ್ರಿಕೆ ಹೊರಗೆ ಕೊಡುವುದಿಲ್ಲ, ಮರುಮೌಲ್ಯಮಾಪನವೂ ಇಲ್ಲ. ಹಾಗಾಗಿ ಮನೆಯಲ್ಲೇ ಕಂಡುಕೊಳ್ಳಬೇಕು. ಒಂದು ಪೂರ್ತಿ ಮಾಕ್ ಟೆಸ್ಟ್ ಬರೆಯಿರಿ. 150 ಪ್ರಶ್ನೆ, 150 ನಿಮಿಷ. ಊಟ. ಮತ್ತೆ 150 ಪ್ರಶ್ನೆ, 150 ನಿಮಿಷ. ಪಕ್ಕದಲ್ಲಿ ಒಂದು ಹಾಳೆ ಇಟ್ಟುಕೊಂಡು, ಪ್ರತಿ ಪ್ರಶ್ನೆಗೂ ಉತ್ತರ ಒತ್ತುವ ಮುಂಚೆ ಗುರುತು ಹಾಕಿ. ಗೊತ್ತಿದ್ದರೆ ‘ಗೊ’, ಎರಡರಲ್ಲಿ ಒಂದಾದರೆ ‘ಎ’, ಕಣ್ಣು ಮುಚ್ಚಿದ್ದರೆ ‘ಕ’. ಉತ್ತರ ನೋಡಿದ ಮೇಲೆ ಗುರುತು ಹಾಕಿದರೆ ಪ್ರಯೋಜನವಿಲ್ಲ. ಆಗ ಎಲ್ಲವೂ ನಮಗೆ ಗೊತ್ತಿತ್ತು ಅಂತಲೇ ಅನ್ನಿಸುತ್ತದೆ. ಸಂಜೆ ‘ಎ’ ಪ್ರಶ್ನೆಗಳನ್ನು ಮಾತ್ರ ಒಂದು ನೋಟ್‌ಬುಕ್ಕಿಗೆ ಇಳಿಸಿ. ಸರಿಯಾದ ಉತ್ತರದ ಜೊತೆಗೆ, ನಿಮ್ಮನ್ನು ಕಾಡಿದ ಇನ್ನೊಂದು ಉತ್ತರ ಯಾಕೆ ತಪ್ಪು ಅಂತ ಒಂದು ಸಾಲು ಬರೆಯಿರಿ. ಆ ಒಂದು ಸಾಲಿನಲ್ಲೇ ನಿಮ್ಮ ಅಂಕ ಇದೆ. ‘ಗೊ’ ಅಂತ ಹಾಕಿಯೂ ತಪ್ಪಾದವು ಇದ್ದರೆ ಕೆಂಪು ಶಾಯಿಯಲ್ಲಿ ಬರೆಯಿರಿ. ಗೊತ್ತಿಲ್ಲದ್ದಕ್ಕಿಂತ ತಪ್ಪಾಗಿ ಗೊತ್ತಿರುವುದು ಅಪಾಯ, ಪರೀಕ್ಷೆಯಲ್ಲೂ, ವಾರ್ಡಿನಲ್ಲೂ.

ವಿಷಯಗಳ ತೂಕವನ್ನೂ ನೋಡಿ. ಮೆಡಿಸಿನ್ 33, ಸರ್ಜರಿ 32, ಹೆರಿಗೆ ಮತ್ತು ಸ್ತ್ರೀರೋಗ 30, ಕಮ್ಯುನಿಟಿ ಮೆಡಿಸಿನ್ (ಜನಾರೋಗ್ಯ) 30. ಈ ನಾಲ್ಕರಲ್ಲೇ 125 ಅಂಕ. ಕಣ್ಣು 15, ಇಎನ್‌ಟಿ 15. ಎರಡೂ ಸೇರಿ 30, ಅಂದರೆ ಹೆರಿಗೆ ವಿಭಾಗದಷ್ಟೇ, ಆದರೆ ಓದುವುದು ಅದರ ಅರ್ಧವೂ ಇಲ್ಲ. ಎಲ್ಲರೂ ಇವನ್ನು ಕೊನೆಗೆ ನೋಡಿಕೊಳ್ಳೋಣ ಅಂತ ಬಿಡುತ್ತಾರೆ. ನನ್ನನ್ನು ಕೇಳಿದರೆ ಅಲ್ಲಿಂದಲೇ ಶುರು ಮಾಡಿ. ನಿಮ್ಮ ಪ್ರೀತಿಯ ಪೀಡಿಯಾಟ್ರಿಕ್ಸ್ ಬರೀ 15. ಅದನ್ನು ಓದಿದರೆ ಖುಷಿ ಆಗುತ್ತದೆ ಅಂತ ದಿನವೆಲ್ಲ ಅದನ್ನೇ ಓದಬೇಡಿ.

ಕಮ್ಯುನಿಟಿ ಮೆಡಿಸಿನ್ ಬಗ್ಗೆ ಮಾತ್ರ ಸ್ವಲ್ಪ ಜಾಸ್ತಿ ಹೇಳುತ್ತೇನೆ. ನಾನು ಅದನ್ನೇ ಪಾಠ ಮಾಡಿದವಳು, ಪಕ್ಷಪಾತ ಇದ್ದೇ ಇದೆ. ಆದರೂ ಹೊರಗೆ ಓದಿ ಬಂದವರ ಅಂಕ ಅತಿ ಹೆಚ್ಚು ಸೋರುವ ಜಾಗ ಇದು ಅಂತ ನನ್ನ ಅನುಭವ. ತಪ್ಪು ನಿಮ್ಮದಲ್ಲ. ಕಿರ್ಗಿಸ್ತಾನದ ಮೇಷ್ಟ್ರು ಭಾರತದ ಲಸಿಕೆ ಪಟ್ಟಿಯನ್ನು ಯಾಕೆ ಪಾಠ ಮಾಡುತ್ತಾರೆ?

ಹೊರದೇಶದಲ್ಲಿ ಓದಿ ಬಂದ ಒಬ್ಬಳು ಇಂಟರ್ನ್ ನಮ್ಮ ವಿಭಾಗಕ್ಕೆ ಪೋಸ್ಟಿಂಗ್ ಬಂದಿದ್ದಳು. ತುಂಬಾ ಚುರುಕು. ಉಣ್ಣೆ ಹುಳ (ಉಣುಗು) ಕಚ್ಚಿ ಬರುವ ಮೆದುಳು ಜ್ವರದ ಬಗ್ಗೆ ಕೇಳಿದರೆ, ರಷ್ಯಾ ಕಡೆಯ ಕಾಡುಗಳಲ್ಲಿ ಬರುವ ಕಾಯಿಲೆಯನ್ನು ಪಟಪಟ ಅಂತ ಹೇಳಿದಳು. “ಸರಿ, ಮಂಗನ ಕಾಯಿಲೆ?” ಅಂದೆ. ನಕ್ಕಳು. ಅವಳ ಅಜ್ಜಿ ಮನೆ ತೀರ್ಥಹಳ್ಳಿ ಕಡೆ. ಸಣ್ಣವಳಿದ್ದಾಗ ಬೇಸಿಗೆ ರಜೆಯಲ್ಲಿ ಕಾಡಿನ ಕಡೆ ಹೋಗಬೇಡ, ಮಂಗನ ಕಾಯಿಲೆ ಬರುತ್ತೆ ಅಂತ ಅಜ್ಜಿ ಹೆದರಿಸುತ್ತಿದ್ದರಂತೆ. ಅದು ಅಜ್ಜಿಯ ಮಾತು ಅಂತಲೇ ಅವಳು ಅಂದುಕೊಂಡಿದ್ದಳು, ಪಾಠ ಅಂತ ಅಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಕಾಯಿಲೆ ಅದು. ಹರಡುವುದು ಉಣ್ಣೆಯಿಂದ. ಅವಳು ಪಟಪಟ ಹೇಳಿದ ಆ ರಷ್ಯಾದ ವೈರಸ್ಸಿಗೆ ಇದು ಹತ್ತಿರದ ನೆಂಟ, ಎರಡೂ ಒಂದೇ ಗುಂಪಿನವು. ಅದನ್ನು ಹೇಳಿದಾಗ ಅವಳ ಮುಖ ನೋಡಬೇಕಿತ್ತು. ಆಮೇಲೆ ಆ ಪ್ರಶ್ನೆಯನ್ನು ಜನ್ಮದಲ್ಲಿ ತಪ್ಪು ಮಾಡಿರಲಿಕ್ಕಿಲ್ಲ.

ಹೀಗೆ ನಿಮಗೆ ಅರ್ಧ ಗೊತ್ತಿರುವುದಕ್ಕೆ ಊರಿನ ಕೊಂಡಿ ಹಾಕಿ. ಹಾವು ಕಡಿತ ಓದುವಾಗ ಇಂಗ್ಲಿಷ್ ಹೆಸರು ಉರು ಹೊಡೆಯಬೇಡಿ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ. ಮೊದಲ ಎರಡು ನರಕ್ಕೆ, ಮಂಡಲಗಳೆರಡು ರಕ್ತಕ್ಕೆ. ಒಣಗಿದ, ಶುಭ್ರವಾದ ಗಾಜಿನ ಟ್ಯೂಬಿಗೆ ಸ್ವಲ್ಪ ರಕ್ತ ಹಾಕಿ 20 ನಿಮಿಷ ಅಲ್ಲಾಡಿಸದೆ ಇಡಬೇಕು. ಆಮೇಲೆ ಓರೆ ಮಾಡಿದಾಗ ರಕ್ತ ಹೆಪ್ಪುಗಟ್ಟದೆ ನೀರಿನ ಹಾಗೆ ಹರಿದರೆ ಮಂಡಲದ ವಿಷ ಏರಿದೆ ಅಂತ. ಇದು ಪರೀಕ್ಷೆಯ ಪ್ರಶ್ನೆಯೂ ಹೌದು, ನಾಳೆ ಯಾವುದೋ ತಾಲ್ಲೂಕು ಆಸ್ಪತ್ರೆಯಲ್ಲಿ ನಿಮ್ಮ ಕೈಯಲ್ಲೇ ಇರುವ ಟ್ಯೂಬೂ ಹೌದು.

ಲಸಿಕೆ ಕಲಿಯೋಕೆ ಪುಸ್ತಕವೇ ಬೇಡ. ನಿಮ್ಮ ಬೀದಿಯಲ್ಲಿ ಸಣ್ಣ ಮಗು ಇರುವ ಮನೆಗೆ ಹೋಗಿ ತಾಯಿ ಕಾರ್ಡ್ ಕೇಳಿ. ಹುಟ್ಟಿದಾಗ ಬಿಸಿಜಿ. 6, 10, 14 ವಾರಕ್ಕೆ ಪೆಂಟಾವೇಲೆಂಟ್, ಅಂದರೆ ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು, ಹೆಪಟೈಟಿಸ್ ಬಿ, ಹಿಬ್ (ನ್ಯುಮೋನಿಯಾ, ಮೆದುಳುಪೊರೆ ಸೋಂಕು ತರುವ ಬ್ಯಾಕ್ಟೀರಿಯಾ) ಐದೂ ಒಂದೇ ಸೂಜಿಯಲ್ಲಿ. 9 ತಿಂಗಳು ತುಂಬಿದ ಮೇಲೆ ದಡಾರ-ರುಬೆಲ್ಲಾ. ಆ ಕಾರ್ಡಿನಲ್ಲಿ ಎಲ್ಲ ಇದೆ. ಯಾವ ಡೋಸ್ ತಪ್ಪಿದೆ, ಈಗ ಏನು ಹಾಕಿಸಬೇಕು ಅಂತ ನೀವೇ ಕೇಳಿಕೊಳ್ಳಿ. ಉತ್ತರ ಸರಿಯಾ ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿ, ಅವರಿಗೆ ನಮ್ಮೆಲ್ಲರಿಗಿಂತ ಚೆನ್ನಾಗಿ ಗೊತ್ತಿರುತ್ತದೆ. ಇದರಲ್ಲಿ ಪೀಡಿಯಾಟ್ರಿಕ್ಸ್ ಅಂಕವೂ ಬಂತು, ಕಮ್ಯುನಿಟಿ ಮೆಡಿಸಿನ್ ಅಂಕವೂ ಬಂತು.

ಬೀದಿಯವರು ಡಾಕ್ಟ್ರಮ್ಮ ಅನ್ನುವುದಕ್ಕೂ ಇದರಲ್ಲೇ ಒಂದು ದಾರಿ ಇದೆ. ಪಕ್ಕದ ಮನೆಯ ಅಜ್ಜ ಶುಗರ್ ರಿಪೋರ್ಟ್ ಹಿಡಿದುಕೊಂಡು ಬಂದರೆ ಓಡಿಹೋಗಬೇಡಿ. ರಿಪೋರ್ಟ್ ಓದಿ, ಅದರಲ್ಲಿ ಏನಿದೆ ಅಂತ ಕನ್ನಡದಲ್ಲಿ ಬಿಡಿಸಿ ಹೇಳಿ, ಅವರ ಡಾಕ್ಟರ ಹತ್ತಿರ ಏನು ಕೇಳಬೇಕು ಅಂತ ಒಂದು ಚೀಟಿಯಲ್ಲಿ ಬರೆದುಕೊಡಿ. ಮಾತ್ರೆ ಹೆಸರು ಮಾತ್ರ ಬರೆಯಬೇಡಿ. “ನನಗಿನ್ನೂ ರಿಜಿಸ್ಟ್ರೇಷನ್ ಬಂದಿಲ್ಲ ತಾತ, ಅದು ಬಂದ ಮೇಲೆ ಬರೆದುಕೊಡ್ತೀನಿ” ಅಂತ ಹೇಳಿಬಿಡಿ. ಒಂದು ಸಲ ಜೋರಾಗಿ ಹೇಳಿದ ಮೇಲೆ ಮುಚ್ಚಿಡುವ ಕಷ್ಟ ಇರುವುದಿಲ್ಲ. ಈಚಿನ ವರ್ಷಗಳಲ್ಲಿ ಬಹಳಷ್ಟು ಸಲ ಈ ಪರೀಕ್ಷೆ ಪಾಸಾದವರು ನೂರಕ್ಕೆ 20ರ ಆಸುಪಾಸು. ನೀವು ಒಬ್ಬರೇ ಅಲ್ಲ.

ರೆಸಿಡೆನ್ಸಿ ವಿಷಯ. ಎಫ್‌ಎಂಜಿಇ ಎಷ್ಟನೇ ಸಲ ಪಾಸಾದಿರಿ ಅಂತ ಎಂಡಿ ಸೀಟಿನ ಪ್ರವೇಶ ಪರೀಕ್ಷೆಯಾದ ನೀಟ್ ಪಿಜಿಯಲ್ಲಿ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಈ ಅಂಕವೂ ಅಲ್ಲಿಗೆ ಸೇರುವುದಿಲ್ಲ. ಪಾಸಾದ ಮೇಲೆ ಕರ್ನಾಟಕ ಮೆಡಿಕಲ್ ಕೌನ್ಸಿಲ್‌ನಲ್ಲಿ ತಾತ್ಕಾಲಿಕ ರಿಜಿಸ್ಟ್ರೇಷನ್, 12 ತಿಂಗಳ ಇಂಟರ್ನ್‌ಶಿಪ್, ಆಮೇಲೆ ಕಾಯಂ ರಿಜಿಸ್ಟ್ರೇಷನ್, ನೀಟ್ ಪಿಜಿ. ಎಂಡಿ 3 ವರ್ಷ. ನೀವು ಬರೆಯುವ ಹೊತ್ತಿಗೆ ಇಲ್ಲಿಯೇ ಓದಿದವರ ಜೊತೆ ಒಂದೇ ಗೆರೆಯಲ್ಲಿ ನಿಂತಿರುತ್ತೀರಿ. ಆದರೆ ಒಂದು ಎಚ್ಚರಿಕೆ. ನೀಟ್ ಪಿಜಿಯಲ್ಲಿ ಸರಿ ಉತ್ತರಕ್ಕೆ 4 ಅಂಕ, ತಪ್ಪಿಗೆ 1 ಅಂಕ ಕಳೆಯುತ್ತಾರೆ. ಇಲ್ಲಿಯ ಕಣ್ಣು ಮುಚ್ಚಿ ಒತ್ತುವ ಆಟ ಅಲ್ಲಿ ನಡೆಯುವುದಿಲ್ಲ. ಆ ‘ಗೊ, ಎ, ಕ’ ಹಾಳೆಯ ಅಭ್ಯಾಸ ಅಲ್ಲಿ ಇನ್ನೂ ಜಾಸ್ತಿ ಕೆಲಸಕ್ಕೆ ಬರುತ್ತದೆ.

ಅಮೆರಿಕದ ಲೆಕ್ಕ ಬೇರೆ. ನಿಮ್ಮ ಫ್ರೆಂಡ್ಸ್ ಅದನ್ನು ಹೇಳಿರಲಿಕ್ಕಿಲ್ಲ. ಯುಎಸ್‌ಎಂಎಲ್‌ಇಯಲ್ಲಿ ಸ್ಟೆಪ್ ಅನ್ನುವ ಮೂರು ಹಂತದ ಪರೀಕ್ಷೆ, ಒಂದೊಂದು ಸ್ಟೆಪ್ಪನ್ನು ಜೀವಮಾನದಲ್ಲಿ ನಾಲ್ಕೇ ಸಲ ಬರೆಯಬಹುದು. ಎಫ್‌ಎಂಜಿಇಗೆ ಅಂಥ ಮಿತಿ ಇಲ್ಲ. ಅಲ್ಲಿ ಫೇಲಾದದ್ದು ಟ್ರಾನ್ಸ್‌ಕ್ರಿಪ್ಟಿನಲ್ಲಿ ಉಳಿದುಬಿಡುತ್ತದೆ, ರೆಸಿಡೆನ್ಸಿಗೆ ಅರ್ಜಿ ಹಾಕಿದಾಗ ಪ್ರತಿ ಆಸ್ಪತ್ರೆಯೂ ಅದನ್ನು ನೋಡುತ್ತದೆ. ಸ್ಟೆಪ್ 1 ಮತ್ತು ಸ್ಟೆಪ್ 2 ಸಿಕೆ ಬೆಂಗಳೂರಿನಲ್ಲೇ ಬರೆಯಬಹುದು, ಸ್ಟೆಪ್ 3ಕ್ಕೆ ಅಮೆರಿಕಕ್ಕೇ ಹೋಗಬೇಕು. ನಿಮ್ಮ ಕಾಲೇಜು ಅವರ ಪಟ್ಟಿಯಲ್ಲಿ ಅರ್ಹ ಅಂತ ಇರಬೇಕು. ಖರ್ಚೂ ಲಕ್ಷಗಳಲ್ಲಿ. ಅಮೆರಿಕ ಬೇಡ ಅನ್ನುತ್ತಿಲ್ಲ. ಫೇಲಾದದ್ದನ್ನು ಮರೆತುಬಿಡುವ ಪರೀಕ್ಷೆಯಿಂದ, ಮರೆಯದ ಪರೀಕ್ಷೆಗೆ ಓಡಿಹೋಗಬೇಡಿ ಅನ್ನುತ್ತಿದ್ದೇನೆ. ಮೊದಲು ಇಲ್ಲಿ 165ರ ತಯಾರಿ ಮಾಡಿಕೊಳ್ಳಿ.

ಇಲ್ಲಿ ಓದಿದವರಿಗೂ ಹೊರಗೆ ಓದಿದವರಿಗೂ ಒಂದೇ ಆದ ‘ನೆಕ್ಸ್ಟ್’ ಅನ್ನುವ ಹೊಸ ಲೈಸೆನ್ಸ್ ಪರೀಕ್ಷೆ ಬಂದು ಎಫ್‌ಎಂಜಿಇ ಹೋಗಿಬಿಡುತ್ತದೆ ಅಂತ ಕಾಯುವವರೂ ಇದ್ದಾರೆ. 2019ರ ಕಾಯ್ದೆಯಲ್ಲೇ ಅದು ಇತ್ತು, 2023ರ ಜುಲೈನಲ್ಲಿ ಮುಂದಕ್ಕೆ ಹಾಕಿದರು. ಅದನ್ನು ನಂಬಿ ಒಂದು ದಿನವನ್ನೂ ಕಳೆಯಬೇಡಿ.

ದುಡ್ಡು. 25,000 ಸಣ್ಣ ಮೊತ್ತ ಅಲ್ಲ, ಗೊತ್ತು. ಡಾಕ್ಟರ್ ಅಂತ ಹೇಳಿಕೊಳ್ಳದೆ ದುಡಿಯುವ ಕೆಲಸ ಬೆಂಗಳೂರಿನಲ್ಲಿ ಬೇಕಾದಷ್ಟಿದೆ. ಕಾಯಿಲೆ, ಚಿಕಿತ್ಸೆಗಳನ್ನು ಬಿಲ್ಲಿಗಾಗಿ ಕೋಡ್ ಸಂಖ್ಯೆಗೆ ಇಳಿಸುವ ಮೆಡಿಕಲ್ ಕೋಡಿಂಗ್ ಕಂಪನಿಗಳಿವೆ, ಡಾಕ್ಟರು ಹೇಳಿದ್ದನ್ನು ದಾಖಲೆ ಮಾಡುವ ಸ್ಕ್ರೈಬ್ ಕೆಲಸ ಇದೆ, ವಿಜಯನಗರ, ಬಸವೇಶ್ವರನಗರದ ಕಡೆ ಪಿಯುಸಿ ಹುಡುಗರಿಗೆ ನೀಟ್ ಬಯಾಲಜಿ ಹೇಳಿಕೊಡುವ ಟ್ಯೂಷನ್‌ಗಳಿವೆ. ನನ್ನ ಓಟು ಟ್ಯೂಷನ್ನಿಗೆ. ಸಂಜೆ ಎರಡು ಗಂಟೆ ಸಾಕು, ಫಿಸಿಯಾಲಜಿಯೂ ಗಟ್ಟಿಯಾಗುತ್ತದೆ. “ಪಾಸ್ ಗ್ಯಾರಂಟಿ” ಅಂತ ದೊಡ್ಡ ಫೀಸು ಕೇಳುವ ಕೋಚಿಂಗಿಗೆ ಮಾತ್ರ ಅಪ್ಪನ ಹತ್ತಿರ ಇನ್ನೊಂದು ಸಾಲ ಮಾಡಿಸಬೇಡಿ. ಮನೆಯಲ್ಲಿ ಗಲಾಟೆ ಅಂದರೆ ಕಬ್ಬನ್ ಪಾರ್ಕಿನ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದಲ್ಲಿರುವ ಕೇಂದ್ರ ಗ್ರಂಥಾಲಯಕ್ಕೆ ಹೋಗಿ ಕೂತುಕೊಳ್ಳಿ. ನಾಗರಬಾವಿಯಿಂದ ದೂರವೇ, ಆದರೆ ಅಲ್ಲಿ ನಿಮ್ಮನ್ನು ಡಾಕ್ಟ್ರಮ್ಮ ಅನ್ನುವವರು ಯಾರೂ ಇಲ್ಲ.

ಅಪ್ಪನ ಜೊತೆ ಕೂತು ಈ ಲೆಕ್ಕವನ್ನೆಲ್ಲ ಹೇಳಿದ್ದೀರಾ? ಹೇಳಿಲ್ಲ ಅಂತ ನನ್ನ ಊಹೆ. ಅವರಿಗೆ ಬೇಗ ಅರ್ಥವಾಗುತ್ತದೆ, ನೋಡಿ. ಲೇತ್ ನಡೆಸುವವರಿಗೆ ಗೋ, ನೋ-ಗೋ ಗೇಜು ಗೊತ್ತಿರುತ್ತದೆ. ನಮ್ಮ ಮಾವನವರು ರಾಜಾಜಿನಗರದ ಒಂದು ವರ್ಕ್‌ಶಾಪಿನಲ್ಲಿ ಇದ್ದವರು, ಅವರ ಟೇಬಲ್ ಮೇಲೆ ಅಂಥದ್ದೊಂದು ಪೇಪರ್‌ವೇಟ್ ಆಗಿ ಬಿದ್ದಿರುತ್ತಿತ್ತು. ತೂತಿನೊಳಗೆ ಒಂದು ತುದಿ ಹೋಗಬೇಕು, ಇನ್ನೊಂದು ಹೋಗಬಾರದು. ಅಷ್ಟೇ. ಎಷ್ಟು ಚೆನ್ನಾಗಿದೆ ಅಂತ ಆ ಗೇಜು ಹೇಳುವುದಿಲ್ಲ. ಎಫ್‌ಎಂಜಿಇ ಅದೇ. 150 ಬಂದರೂ ಪಾಸು, 299 ಬಂದರೂ ಪಾಸು, 149 ಬಂದರೆ ಇಲ್ಲ. ಗೇಜಿಗೆ ಹೋಗದ ಪೀಸನ್ನು ನಿಮ್ಮಪ್ಪ ಏನು ಮಾಡುತ್ತಾರೆ ಅಂತ ಕೇಳಿ. ಮೆಟೀರಿಯಲ್ ಉಳಿದಿದ್ದರೆ ರಿವರ್ಕ್‌ಗೆ ಹಾಕುತ್ತಾರೆ. ಎಲ್ಲವನ್ನೂ ಸ್ಕ್ರ್ಯಾಪ್‌ಗೆ ಎಸೆದಿದ್ದರೆ ಪೀಣ್ಯದಲ್ಲಿ ಇಷ್ಟು ವರ್ಷ ಅಂಗಡಿ ನಡೆಯುತ್ತಿರಲಿಲ್ಲ. 53 ದುಡಿದದ್ದು ಆರು ತಿಂಗಳಲ್ಲಿ 66 ಆಗಿದೆ. ನಿಮ್ಮಲ್ಲಿ ಮೆಟೀರಿಯಲ್ ಉಳಿದಿದೆ.

ಲಾಯಕ್ಕಾ ಅನ್ನುವ ಪ್ರಶ್ನೆಗೆ ನನ್ನ ಹತ್ತಿರ ಇರುವ ಉತ್ತರ ಅಷ್ಟೇ. ಮಗು ಅತ್ತಾಗ ನಿಮ್ಮ ಕೈ ನಡುಗುತ್ತದೆಯೋ ಇಲ್ಲವೋ, ತಾಯಿಯ ಜೊತೆ ಹೇಗೆ ಮಾತಾಡುತ್ತೀರಿ ಅನ್ನುವುದು ಯಾವ ಕಂಪ್ಯೂಟರ್ ಪರೀಕ್ಷೆಯಲ್ಲೂ ಬರುವುದಿಲ್ಲ. ಅದು ಇಂಟರ್ನ್‌ಶಿಪ್‌ನಲ್ಲಿ ಗೊತ್ತಾಗುತ್ತದೆ. ಇನ್ನೂ ಒಂದು ಸಲ ಬರೆಯಿರಿ. ಅದಕ್ಕೆ ಮುಂಚೆ ಮೂರು ಪೂರ್ತಿ ಮಾಕ್‌ನಲ್ಲಿ 165 ದಾಟಿರಬೇಕು. ದಾಟದಿದ್ದರೆ ಆ ಸಲ ಬಿಟ್ಟು ಮುಂದಿನದಕ್ಕೆ ಬರೆಯಿರಿ, ಪರೀಕ್ಷೆ ವರ್ಷಕ್ಕೆ ಎರಡು ಸಲ ಇದೆ.

ನಿದ್ದೆ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಎರಡು ವಾರಕ್ಕಿಂತ ಜಾಸ್ತಿ ಹೀಗೇ ಇದ್ದರೆ, ಊಟ ಸೇರದಿದ್ದರೆ, ಬದುಕೇ ಬೇಡ ಅನ್ನುವ ಯೋಚನೆ ಒಂದು ಸಲ ಬಂದರೂ, ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದುಡ್ಡಿಲ್ಲ, ಕನ್ನಡದಲ್ಲಿ ಮಾತಾಡಬಹುದು, ಹಗಲು ರಾತ್ರಿ ಇರುತ್ತದೆ. ಮೆಡಿಕಲ್ ಓದಿದವಳು ನಾನು, ನನಗೇಕೆ ಅಂದುಕೊಳ್ಳಬೇಡಿ. ನಾವೇ ಎಲ್ಲರಿಗಿಂತ ತಡವಾಗಿ ಹೋಗುವವರು.

ಕೊನೆಗೆ ಒಂದು ಸಣ್ಣ ಕೆಲಸ. ಇದನ್ನು ಓದಿದ ಮೇಲೆ ಎದ್ದು ಬೀರು ತೆಗೆಯಿರಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಪಾಸ್‌ಪೋರ್ಟ್, ಡಿಗ್ರಿ ಮೂರನ್ನೂ ಪಕ್ಕಪಕ್ಕ ಇಡಿ. ನಮ್ಮ ಕಡೆಯವರ ಹೆಸರು ಈ ಮೂರರಲ್ಲಿ ಒಂದೇ ತರ ಇರುವುದು ಅಪರೂಪ. ಅಂಕಪಟ್ಟಿಯಲ್ಲಿ ಇನಿಷಿಯಲ್ ಇರುತ್ತದೆ, ಪಾಸ್‌ಪೋರ್ಟಿನಲ್ಲಿ ಅದು ಅಪ್ಪನ ಪೂರ್ತಿ ಹೆಸರಾಗಿರುತ್ತದೆ, ಅಲ್ಲಿಯ ಕಾಲೇಜಿನವರು ರಷ್ಯನ್ ಲಿಪಿಗೆ ಹಾಕಿ ಮತ್ತೆ ಇಂಗ್ಲಿಷಿಗೆ ತಂದಾಗ ಒಂದು ಅಕ್ಷರ ಬಿದ್ದುಹೋಗಿರುತ್ತದೆ. ನನಗೆ ಗೊತ್ತಿರುವ ಒಬ್ಬ ಹುಡುಗ ಪರೀಕ್ಷೆ ಪಾಸಾದ ಮೇಲೂ ಬರೀ ಈ ಒಂದು ಅಕ್ಷರಕ್ಕೆ ನಾಲ್ಕು ತಿಂಗಳು ಅಲೆದ, ಅವನ ಇಂಟರ್ನ್‌ಶಿಪ್ ಅಷ್ಟು ತಡವಾಯಿತು. ನೀವು 2019ರಲ್ಲಿ ಸೇರಿದವರು, ಕೋವಿಡ್ ಹೊತ್ತಿನಲ್ಲಿ ಆನ್‌ಲೈನ್ ಪಾಠ ಆಗಿರುತ್ತದೆ. ಆ ಕ್ಲಾಸುಗಳನ್ನು ಆಮೇಲೆ ಕಾಲೇಜಿನಲ್ಲೇ ಕೂರಿಸಿ ಸರಿದೂಗಿಸಿದ್ದಕ್ಕೆ ಪತ್ರವನ್ನೂ ಕೇಳುತ್ತಾರೆ. ಕಾಲೇಜಿಗೆ ಇವತ್ತೇ ಮೇಲ್ ಹಾಕಿ. ಅಲ್ಲಿ ಬೇಸಿಗೆ ರಜೆ ಶುರುವಾದರೆ ಆಫೀಸಿನಲ್ಲಿ ಉತ್ತರ ಕೊಡುವವರು ಯಾರೂ ಸಿಗುವುದಿಲ್ಲ.